ಮಳೆಯ ಲೆಕ್ಕ ಸರಿಯಿತ್ತು, ಬರವೂ ಬಂತು: ಎಷ್ಟು ತಾಲ್ಲೂಕು ಒಣಗುತ್ತವೆ ಎಂದು ಮೊದಲೇ ಹೇಳಬಹುದೆ?

2023ರ ಏಪ್ರಿಲ್‌ನಲ್ಲಿ ಭಾರತೀಯ ಹವಾಮಾನ ಇಲಾಖೆ ಆ ವರ್ಷದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96ರಷ್ಟು ಇರುತ್ತದೆ ಎಂದಿತು. ಸೆಪ್ಟೆಂಬರ್ ಮುಗಿದಾಗ ದೇಶದಲ್ಲಿ ಬಿದ್ದಿದ್ದು ಶೇ 94. ಐದು ಅಂಶ ಅತ್ತಿತ್ತ ಆಗಬಹುದು ಎಂದು ಇಲಾಖೆ ಮೊದಲೇ ಹೇಳಿಕೊಂಡಿದ್ದರಿಂದ ಆ ಲೆಕ್ಕದಲ್ಲಿ ಮುನ್ಸೂಚನೆ ಸರಿಯಾಗಿಯೇ ಇತ್ತು. ಆದರೆ ಅದೇ ಋತುವಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅವುಗಳಲ್ಲಿ 196 ತಾಲ್ಲೂಕುಗಳದ್ದು ‘ತೀವ್ರ’ ಬರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು.

ಮುನ್ಸೂಚನೆ ಸರಿಯಿದ್ದ ಮೇಲೆ ಬರ ಎಲ್ಲಿಂದ ಬಂತು? ಎಲ್ ನಿನೊ ಎಂಬ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದಾಗಲೆಲ್ಲ ಈ ಗೊಂದಲ ಮರುಕಳಿಸುತ್ತದೆ. ಬಾಗೇಪಲ್ಲಿಯ ಅಥವಾ ಶಿರಾದ ಓದುಗನ ಮುಂದೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಶೇಕಡಾವಾರು ಇರುತ್ತದೆ, ಪಕ್ಕದಲ್ಲಿ ಕೆಂಪು ಬಳಿದ ಒಂದು ನಕ್ಷೆ ಇರುತ್ತದೆ. ಎರಡೂ ಅವನ ತಾಲ್ಲೂಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಏಕೆಂದರೆ ‘ಎಷ್ಟು ಮಳೆ ಬೀಳುತ್ತದೆ’ ಎಂಬುದು ಒಂದು ಪ್ರಶ್ನೆ, ‘ಬರ ಎಷ್ಟು ಅಗಲಕ್ಕೆ ಹಬ್ಬುತ್ತದೆ’ ಎಂಬುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರಿಸುವ ವಿದ್ಯೆ ಸಾಕಷ್ಟು ಬೆಳೆದಿದೆ. ಎರಡನೆಯದನ್ನು ಸರಿಯಾಗಿ ಕೇಳುವ ಅಭ್ಯಾಸವೇ ನಮ್ಮಲ್ಲಿ ಇಲ್ಲ.

ಸರಾಸರಿಯ ಹೊಟ್ಟೆಯಲ್ಲಿ ಅಡಗಿದ ಆಗಸ್ಟ್

ಆ ವರ್ಷದ ಶೇ 94ನ್ನು ಬಿಡಿಸಿ ನೋಡಿದರೆ ಸಂಗತಿ ಬೇರೆಯೇ ಕಾಣುತ್ತದೆ. ದೇಶದ ಮಟ್ಟದಲ್ಲಿ ಜೂನ್ ಮಳೆ ವಾಡಿಕೆಯ ಶೇ 91, ಜುಲೈ ಶೇ 113, ಆಗಸ್ಟ್ ಶೇ 64, ಸೆಪ್ಟೆಂಬರ್ ಮತ್ತೆ ಶೇ 113. 1901ರಿಂದ ದಾಖಲೆ ಇಟ್ಟುಕೊಂಡು ಬಂದ ಕಾಲದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ನಾಲ್ಕು ತಿಂಗಳನ್ನು ಕೂಡಿಸಿದಾಗ ಜುಲೈ, ಸೆಪ್ಟೆಂಬರ್‌ಗಳ ಹೆಚ್ಚುವರಿ ಆಗಸ್ಟ್‌ನ ಹಳ್ಳವನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ಕಾಗದದ ಮೇಲೆ ಮಾತ್ರ.

ಹೊಲದಲ್ಲಿ ಹಾಗೆ ಮುಚ್ಚಲಾಗುವುದಿಲ್ಲ. ಆಗಸ್ಟ್ ಎಂದರೆ ನಮ್ಮ ರೈತರ ಲೆಕ್ಕದಲ್ಲಿ ಆಶ್ಲೇಷ ಮತ್ತು ಮಖೆ ಮಳೆಗಳ ಕಾಲ. ಜುಲೈನಲ್ಲಿ ಬಿತ್ತಿದ ರಾಗಿ ತೆಂಡೆ ಒಡೆಯುವ ಹೊತ್ತು. ಪಾವಗಡ, ಶಿರಾ ಭಾಗದಲ್ಲಿ ಕಡಲೆಕಾಯಿ ಗಿಡದ ಹೂವು ಮುಗಿದು ಕಾಯಿಯ ಎಳೆ ಮಣ್ಣಿಗೆ ಇಳಿಯುವ ಹೊತ್ತು. ಮಣ್ಣು ಗಟ್ಟಿಯಾಗಿದ್ದರೆ ಆ ಎಳೆ ಇಳಿಯುವುದೇ ಇಲ್ಲ, ಗಿಡ ನಿಂತೇ ಇರುತ್ತದೆ, ಕಾಯಿ ಕಟ್ಟುವುದಿಲ್ಲ. ಈ ಸೀಮೆಯ ಆಳವಿಲ್ಲದ ಕೆಂಪು ಮಣ್ಣು ತೇವವನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ಕಪ್ಪು ಮಣ್ಣಿನ ಬಯಲಿನಲ್ಲಿ ಬೆಳೆ ತಡೆದುಕೊಳ್ಳುವ ಮೂರು ವಾರದ ಬಿಡುವನ್ನು ಗುಡಿಬಂಡೆಯ ಗುಡ್ಡದ ಇಳಿಜಾರಿನ ಹೊಲ ತಡೆದುಕೊಳ್ಳದು. ಸೆಪ್ಟೆಂಬರ್‌ನಲ್ಲಿ ಬಂದ ಮಳೆ ಸೊರಗಿದ ಪೈರಿನ ಮೇಲೆ ಬಿತ್ತು. ಮಾಪಕ ಮಾತ್ರ ಅದನ್ನೂ ಸೇರಿಸಿಕೊಂಡು ಒಟ್ಟು ಹಾಕಿತು.

ಹಾಗಾಗಿ ಬರದ ಹರವನ್ನು ಮೊದಲೇ ಹೇಳಬೇಕಾದರೆ ಒಟ್ಟು ಮಳೆಗಿಂತ ಮಳೆಯ ನಡುವಿನ ಬಿಡುವು ಎಷ್ಟು ಉದ್ದ, ಅದು ಬೆಳೆಯ ಯಾವ ಹಂತಕ್ಕೆ ಬಡಿಯುತ್ತದೆ ಎಂಬುದನ್ನು ಹೇಳಬೇಕು. ಏಪ್ರಿಲ್‌ನಲ್ಲಿ ಕುಳಿತು ಆಗಸ್ಟ್‌ನ ಬಿಡುವನ್ನು ಹೇಳುವ ಶಕ್ತಿ ಇವತ್ತಿನ ಯಾವ ಮಾದರಿಗೂ ಇಲ್ಲ. ಎರಡರಿಂದ ನಾಲ್ಕು ವಾರ ಮುಂಚಿತವಾಗಿ ಒಂದಷ್ಟು ಹೇಳಬಹುದು. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ಸುದ್ದಿಯಾಗುವುದು ಏಪ್ರಿಲ್‌ನ ಅಂಕಿ, ಉಪಯೋಗಕ್ಕೆ ಬರುವುದು ಈ ಗುರುವಾರದ ವರದಿ.

ಇಪ್ಪತ್ತು ತಾಲ್ಲೂಕುಗಳ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ಹರವಿನ ಮುನ್ಸೂಚನೆಯ ಗುಟ್ಟು ಇರುವುದು ಇಲ್ಲೇ.

ಒಂದು ಸೀಮೆಯಲ್ಲಿ ಇಪ್ಪತ್ತು ತಾಲ್ಲೂಕುಗಳಿವೆ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಈ ವರ್ಷ ತೀವ್ರ ಬರ ಬರುವ ಸಾಧ್ಯತೆ ಶೇ 30 ಎಂದು ಯಾರೋ ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಹಾಗಾದರೆ ಎಷ್ಟು ತಾಲ್ಲೂಕುಗಳು ಒಣಗುತ್ತವೆ? ಥಟ್ಟನೆ ಬರುವ ಉತ್ತರ ಆರು. ಜಿಲ್ಲಾಡಳಿತ ಆರು ತಾಲ್ಲೂಕಿಗೆ ಬೇಕಾಗುವಷ್ಟು ಮೇವು, ಟ್ಯಾಂಕರ್, ಹಣ ಹೊಂದಿಸಿಕೊಂಡರೆ ಸಾಕು ಎನ್ನಿಸುತ್ತದೆ.

ಒಂದು ತಾಲ್ಲೂಕಿನ ಮಳೆಗೂ ಪಕ್ಕದ ತಾಲ್ಲೂಕಿನ ಮಳೆಗೂ ಏನೂ ಸಂಬಂಧವಿಲ್ಲದಿದ್ದರೆ ಈ ಉತ್ತರ ಹೆಚ್ಚುಕಡಿಮೆ ಸರಿ. ನಾಲ್ಕೋ ಎಂಟೋ ಆಗಬಹುದು, ಹನ್ನೆರಡನ್ನು ದಾಟುವುದು ಸಾವಿರ ವರ್ಷಕ್ಕೆ ಒಂದೆರಡು ಸಲ. ಇನ್ನೊಂದು ತುದಿಯನ್ನು ನೋಡಿ. ಇಪ್ಪತ್ತೂ ತಾಲ್ಲೂಕುಗಳ ಹಣೆಬರಹ ಒಂದೇ ಹಗ್ಗಕ್ಕೆ ಕಟ್ಟಿದ್ದರೆ ಹತ್ತು ವರ್ಷಗಳಲ್ಲಿ ಏಳು ವರ್ಷ ಒಂದೂ ಒಣಗುವುದಿಲ್ಲ, ಮೂರು ವರ್ಷ ಇಪ್ಪತ್ತೂ ಒಣಗುತ್ತವೆ. ಸರಾಸರಿ ಆಗಲೂ ಆರೇ. ಆದರೆ ಆರು ತಾಲ್ಲೂಕು ಮಾತ್ರ ಒಣಗಿದ ವರ್ಷವೇ ಅಲ್ಲಿ ಇರುವುದಿಲ್ಲ. ಆರಕ್ಕೆ ತಯಾರಾದವರು ಏಳು ವರ್ಷ ಹಣ ಪೋಲು ಮಾಡಿದರು ಎಂಬ ಟೀಕೆ ಕೇಳುತ್ತಾರೆ, ಮೂರು ವರ್ಷ ಕೈಚೆಲ್ಲಿ ಕೂರುತ್ತಾರೆ.

ವಾಸ್ತವ ಇರುವುದು ಎರಡರ ನಡುವೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಮುಂಗಾರಿನ ಮಾರುತವೇ ದುರ್ಬಲವಾದ ವರ್ಷ ಹಗ್ಗ ಬಿಗಿಯಾಗುತ್ತದೆ, ಪಾವಗಡದಿಂದ ಮುಳಬಾಗಿಲಿನವರೆಗೆ ಎಲ್ಲರೂ ಒಟ್ಟಿಗೆ ಒಣಗುತ್ತಾರೆ. ಗುಡುಗುಮಳೆಗಳು ಮೇಲುಗೈ ಪಡೆದ ವರ್ಷ ಹಗ್ಗ ಸಡಿಲ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯಲಿಲ್ಲ ಎನ್ನುವ ಮಾತು ಹಳ್ಳಿಗಳಲ್ಲಿದೆಯಲ್ಲ, ಅದು ಇಂತಹ ಮಳೆಗೆ. ಆಗ ಒಂದೇ ಹೋಬಳಿಯಲ್ಲಿ ಒಂದು ಕೆರೆ ತುಂಬಿ ಇನ್ನೊಂದು ಬರಿದಾಗಿರುತ್ತದೆ.

ಆದ್ದರಿಂದ ಹರವಿನ ಮುನ್ಸೂಚನೆಯನ್ನು ಒಂದೇ ಸಂಖ್ಯೆಯಲ್ಲಿ ಕೊಡುವುದು ತಪ್ಪು ದಾರಿ. ‘ಐದಕ್ಕಿಂತ ಹೆಚ್ಚು ತಾಲ್ಲೂಕು ಒಣಗುವ ಸಾಧ್ಯತೆ ಇಷ್ಟು, ಹದಿನೈದನ್ನು ದಾಟುವ ಸಾಧ್ಯತೆ ಇಷ್ಟು’ ಎಂದು ಹೇಳಬೇಕು. ಬೊಕ್ಕಸಕ್ಕೂ ಮೇವಿನ ದಾಸ್ತಾನಿಗೂ ಬೇಕಾದದ್ದು ಎರಡನೆಯ ಅಂಕಿ. ಪ್ರತಿ ತಾಲ್ಲೂಕಿಗೆ ಬೇರೆ ಬೇರೆ ಬಣ್ಣ ಹಚ್ಚಿದ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಈ ಅಂಕಿ ಸಿಗುವುದಿಲ್ಲ. ತಾಲ್ಲೂಕುಗಳ ನಡುವಿನ ನಂಟು ನಕ್ಷೆಯಲ್ಲಿ ಕಾಣುವುದಿಲ್ಲ.

ಎಲ್ ನಿನೊ ಬಂದರೆ ಕೋಲಾರಕ್ಕೆ ಏನು?

ಶಾಂತಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗುವುದೇ ಎಲ್ ನಿನೊ. ಅದು ಮುಂಗಾರನ್ನು ಕುಗ್ಗಿಸುವ ಸಂಭವ ಹೆಚ್ಚು. ಸಂಭವ ಎಂದೇ ಹೇಳಬೇಕು, ಏಕೆಂದರೆ 1997ರಲ್ಲಿ ಇಪ್ಪತ್ತನೆಯ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಇದ್ದಾಗಲೂ ದೇಶದ ಮುಂಗಾರು ವಾಡಿಕೆಯ ಮಟ್ಟದಲ್ಲೇ ಇತ್ತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಂಪಾಗಿದ್ದುದು ಆ ವರ್ಷ ಕೈಹಿಡಿಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಕೋಲಾರ ಮತ್ತು ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ತಿರುವಿದೆ. ಇಲ್ಲಿ ಮಳೆ ಹೆಚ್ಚು ಬೀಳುವುದು ಕರಾವಳಿ, ಮಲೆನಾಡಿನಂತೆ ಜುಲೈನಲ್ಲಲ್ಲ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ನೆಲಕ್ಕೆ ಈಶಾನ್ಯ ಮಾರುತದ, ಅಂದರೆ ಹಿಂಗಾರಿನ, ಪಾಲು ದೊಡ್ಡದು. ಎಲ್ ನಿನೊ ಇರುವ ವರ್ಷಗಳಲ್ಲಿ ದಕ್ಷಿಣ ಭಾರತದ ತುದಿಯಲ್ಲಿ ಹಿಂಗಾರು ಹೆಚ್ಚುವ ಒಲವು ಕಂಡಿದೆ. 2015ರಲ್ಲಿ ಮುಂಗಾರು ಕೈಕೊಟ್ಟ ಪ್ರಬಲ ಎಲ್ ನಿನೊ ವರ್ಷದಲ್ಲೇ ಚೆನ್ನೈ ಮುಳುಗಿದ್ದನ್ನು ನೆನಪಿಸಿಕೊಳ್ಳಬಹುದು. ತಮಿಳುನಾಡಿನ ಗಡಿಗೆ ಅಂಟಿಕೊಂಡ ಬಂಗಾರಪೇಟೆ, ಕೆಜಿಎಫ್‌ಗಳಿಗೆ ಈ ಹಿಂಗಾರಿನ ಅಂಚು ತಾಗಬಹುದು. ಪಾವಗಡಕ್ಕೆ ಅದು ತಾಗುವ ಭರವಸೆ ಕಡಿಮೆ. ಒಂದೇ ಎಲ್ ನಿನೊ ಒಂದೇ ಸೀಮೆಯಲ್ಲಿ ಬೇರೆ ಬೇರೆ ಫಲ ಕೊಡುತ್ತದೆ.

ಆದರೆ ಹಿಂಗಾರಿನ ನೀರು ಕೆರೆಗೆ ಬರುತ್ತದೆ, ಆಗಸ್ಟ್‌ನಲ್ಲಿ ಸತ್ತ ರಾಗಿಗೆ ಬರುವುದಿಲ್ಲ. ಅದು ತಡವಾಗಿ, ಅತಿಯಾಗಿ ಬಂದರೆ ಕಟಾವಿಗೆ ನಿಂತ ತೆನೆ ಹೊಲದಲ್ಲೇ ಮೊಳಕೆಯೊಡೆಯುತ್ತದೆ. 2021ರ ನವೆಂಬರ್‌ನಲ್ಲಿ ಈ ಜಿಲ್ಲೆಗಳು ಅದನ್ನೇ ಕಂಡವು.

ತುಮಕೂರಿನ ಪಶ್ಚಿಮದ ಕಥೆ ಇನ್ನೂ ಬೇರೆ. ತಿಪಟೂರು, ತುರುವೇಕೆರೆ, ಗುಬ್ಬಿ, ಕುಣಿಗಲ್ ಕಡೆಯ ಅನೇಕ ಕೆರೆಗಳು ಹೇಮಾವತಿ ನಾಲೆಯನ್ನು ನಂಬಿವೆ. ಆ ನೀರು ಬೀಳುವುದು ಮೂಡಿಗೆರೆ, ಸಕಲೇಶಪುರದಲ್ಲಿ. ತಿಪಟೂರಿನ ಆಕಾಶ ನೋಡಿ ತೆಂಗಿನ ತೋಟದ ಬರವನ್ನು ಹೇಳಲಾಗದು, ಗೊರೂರು ಜಲಾಶಯವನ್ನು ನೋಡಬೇಕು.

ನೆಲದಡಿಯ ನೆನಪು

ಆಕಾಶಕ್ಕೆ ನೆನಪು ಕಡಿಮೆ, ನೆಲಕ್ಕೆ ಹೆಚ್ಚು. ಮುಂದಿನ ತಿಂಗಳ ಮಳೆ ಊಹಿಸುವುದು ಕಷ್ಟ, ಮುಂದಿನ ತಿಂಗಳ ಅಂತರ್ಜಲ ಊಹಿಸುವುದು ಅಷ್ಟು ಕಷ್ಟವಲ್ಲ, ಅದು ಈ ತಿಂಗಳಿನದಕ್ಕಿಂತ ಬಹಳ ದೂರ ಹೋಗುವುದಿಲ್ಲ. ಬರದ ಹರವನ್ನು ಊಹಿಸುವ ಮಾದರಿಗಳ ಬಲದ ದೊಡ್ಡ ಪಾಲು ಬರುವುದು ಈ ನಿಧಾನದಿಂದ. ಋತುವಿನ ಆರಂಭದಲ್ಲಿ ಮಣ್ಣಿನ ತೇವ, ಬಾವಿಗಳ ಮಟ್ಟ, ಕೆರೆಗಳ ಸ್ಥಿತಿ ಗೊತ್ತಿದ್ದರೆ ಅರ್ಧ ಉತ್ತರ ಕೈಯಲ್ಲಿದ್ದಂತೆ.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಸುಮಾರು ನಾಲ್ಕು ಸಾವಿರ ಕೆರೆಗಳಿದ್ದವು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕಡೆ ಒಂದು ವರ್ಷದ ಮಳೆಯನ್ನು ಮುಂದಿನ ವರ್ಷಕ್ಕೆ ದಾಟಿಸುತ್ತಿದ್ದುದು ಈ ಸರಣಿ ಕೆರೆಗಳು. ಅವು ಹೂಳು ತುಂಬಿ, ಕಾಲುವೆಗಳು ಮುಚ್ಚಿಹೋದ ಮೇಲೆ ಆ ಕೆಲಸ ಕೊಳವೆಬಾವಿಗಳ ಪಾಲಾಯಿತು. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಈಗ ಸುದ್ದಿಯೇ ಅಲ್ಲ. ಮರುಪೂರಣಕ್ಕಿಂತ ಹೆಚ್ಚು ನೀರೆತ್ತುವ ನೆಲದಲ್ಲಿ ಒಂದು ಸಾಧಾರಣ ಮಳೆ ಕೊರತೆಯೂ ತೀವ್ರ ಬರದ ರೂಪ ತಾಳುತ್ತದೆ. ಐವತ್ತು ವರ್ಷಗಳ ಹಿಂದಿನ ಮಳೆ–ಬರದ ಸಂಬಂಧವನ್ನು ಇಂದಿಗೆ ಅನ್ವಯಿಸುವ ಮಾದರಿ ಇಲ್ಲಿ ಎಡವುತ್ತದೆ.

2018ರಿಂದ ಇದಕ್ಕೆ ಇನ್ನೊಂದು ಎಳೆ ಸೇರಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ನೀರಿನ ಗುಣಮಟ್ಟದ ವಾದ ಬೇರೆ, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇಷ್ಟು: ಮಳೆ ಇಲ್ಲದಿದ್ದರೂ ಬೆಂಗಳೂರು ಸ್ನಾನ ಮಾಡುತ್ತದೆ, ಹಾಗಾಗಿ ಕೆರೆ ತುಂಬಿರುತ್ತದೆ, ಸುತ್ತಲಿನ ಬಾವಿಗಳ ಮಟ್ಟವೂ ಏರುತ್ತದೆ. ಆದರೆ ಆ ಕೆರೆಗಳಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ಎರಡು ಮೈಲಿ ಆಚೆ ಮಳೆಯನ್ನೇ ನಂಬಿದ ರಾಗಿ ಹೊಲ ಒಣಗುತ್ತಿರುವಾಗ ಅಂತರ್ಜಲದ ಸೂಚಕ ‘ಪರವಾಗಿಲ್ಲ’ ಎನ್ನಬಹುದು.

ಯಾವ ಅಳತೆಗೋಲು, ಯಾರ ಬರ

ಮುನ್ಸೂಚನೆ ಯಾವುದರ ಬಗ್ಗೆ ಎಂದು ಮೊದಲು ಒಪ್ಪಬೇಕು. ವಿಜ್ಞಾನಿಗಳು ಹೆಚ್ಚಾಗಿ ಬಳಸುವ ಎಸ್‌ಪಿಐ ಸೂಚ್ಯಂಕ 1993ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರೂಪುಗೊಂಡಿತು. ಅದು ಒಂದು ಊರಿನ ಈ ವರ್ಷದ ಮಳೆಯನ್ನು ಅದೇ ಊರಿನ ಹಳೆಯ ವರ್ಷಗಳೊಂದಿಗೆ ಹೋಲಿಸುತ್ತದೆ. ಆ ಊರಿನ ವಾಡಿಕೆಯೇ ಸೊನ್ನೆ. ಸೊನ್ನೆಗಿಂತ ಒಂದೂವರೆ ಕೆಳಗಿಳಿದರೆ ತೀವ್ರ. ಇದರಲ್ಲೊಂದು ತಮಾಷೆಯಿದೆ. ಲೆಕ್ಕದ ವ್ಯಾಖ್ಯೆಯ ಪ್ರಕಾರವೇ ಯಾವ ಊರಾದರೂ ನೂರು ವರ್ಷಗಳಲ್ಲಿ ಸುಮಾರು ಏಳು ವರ್ಷ ಮಾತ್ರ ಆ ಮಟ್ಟಕ್ಕಿಂತ ಕೆಳಗಿರುತ್ತದೆ, ಪಾವಗಡವೂ ಅಷ್ಟೇ, ಆಗುಂಬೆಯೂ ಅಷ್ಟೇ! ಅಪರೂಪವನ್ನು ಅಳೆಯಲು ಇದು ಒಳ್ಳೆಯ ಕೋಲು, ಸಂಕಟವನ್ನು ಅಳೆಯಲು ಅಲ್ಲ.

ಸರ್ಕಾರದ ಕೋಲು ಬೇರೆ. 2016ರಲ್ಲಿ ಹೊರಬಂದು ನಂತರ ಪರಿಷ್ಕರಣೆಗೊಂಡ ಕೇಂದ್ರದ ಬರ ನಿರ್ವಹಣಾ ಕೈಪಿಡಿ ಮೊದಲು ಮಳೆ ಕೊರತೆ ಮತ್ತು ಸತತ ಮೂರು ನಾಲ್ಕು ವಾರಗಳ ಒಣ ಬಿಡುವನ್ನು ನೋಡುತ್ತದೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಮೂಲಗಳ ಸ್ಥಿತಿ ಎಂಬ ನಾಲ್ಕು ಪರೀಕ್ಷೆ. ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕಿಳಿದು ತಪಾಸಣೆ. ‘ತೀವ್ರ’ ಎಂಬ ಮುದ್ರೆ ಬಿದ್ದರೆ ಮಾತ್ರ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಬಾಗಿಲು ತೆರೆಯುತ್ತದೆ. ‘ಮಧ್ಯಮ’ವಾದರೆ ರಾಜ್ಯ ತನ್ನ ಪಾಡು ತಾನು ನೋಡಿಕೊಳ್ಳಬೇಕು.

ಇಲ್ಲಿಂದ ಜಗಳ ಹುಟ್ಟುತ್ತದೆ. ಕೇಂದ್ರದ ವಾದದಲ್ಲಿ ಹುರುಳಿಲ್ಲದೆ ಇಲ್ಲ: ಒಂದೇ ಅಳತೆಗೋಲು ಇಲ್ಲದಿದ್ದರೆ ಪ್ರತಿ ರಾಜ್ಯವೂ ಪ್ರತಿ ವರ್ಷವೂ ಎಲ್ಲ ತಾಲ್ಲೂಕುಗಳನ್ನೂ ಪಟ್ಟಿಗೆ ಸೇರಿಸುತ್ತದೆ. ರಾಜ್ಯದ ಪ್ರತಿವಾದಕ್ಕೂ ಆಧಾರವಿದೆ. 2023ರ ಕೊನೆಯಲ್ಲಿ ಮಾತಿಗೆ ಬಂದ ‘ಹಸಿರು ಬರ’ ಅದರ ಉದಾಹರಣೆ. ತಡವಾಗಿ ಬಂದ ಮಳೆಗೆ ಪೈರು, ಕಳೆ, ಹುಲ್ಲು ಎಲ್ಲ ಹಸಿರಾದವು. ಉಪಗ್ರಹಕ್ಕೆ ಹಸಿರು ಕಂಡಿತು, ತೆನೆಯಲ್ಲಿ ಕಾಳು ಇದೆಯೆ ಎಂದು ಅದಕ್ಕೆ ಕಾಣದು. ರಾಜ್ಯ ₹18,171 ಕೋಟಿ ಕೇಳಿ, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, ಏಪ್ರಿಲ್ ಕೊನೆಗೆ ಸುಮಾರು ₹3,454 ಕೋಟಿ ಪಡೆಯಿತು. ಒಣಬೇಸಾಯದ ರೈತನಿಗೆ ಹೆಕ್ಟೇರಿಗೆ ₹8,500, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಬೆಳೆ ಹೋಗಿದ್ದು ಆಗಸ್ಟ್‌ನಲ್ಲಿ.

ಗಡಿರೇಖೆಯ ಸಮಸ್ಯೆಯೂ ಇದೆ. ಮಳೆ ಕೊರತೆ ಶೇ 19 ಆದರೆ ‘ವಾಡಿಕೆ’, ಶೇ 20 ಆದರೆ ‘ಕೊರತೆ’. ಋತುವಿನ ಕೊನೆಯ ವಾರ ಎರಡು ಹೋಬಳಿಗಳಲ್ಲಿ ಸುರಿದ ಒಂದು ಜಡಿಮಳೆ ಇಡೀ ತಾಲ್ಲೂಕಿನ ಸರಾಸರಿಯನ್ನು ರೇಖೆ ದಾಟಿಸಿಬಿಡಬಹುದು. ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗಳ ನಷ್ಟವನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳೆಯುತ್ತಾರೆ, ಬರ ಘೋಷಣೆ ತಾಲ್ಲೂಕು ಮಟ್ಟದಲ್ಲಿ. ಒಬ್ಬನೇ ರೈತ ಒಂದು ಕಡತದಲ್ಲಿ ಬರಪೀಡಿತ, ಇನ್ನೊಂದರಲ್ಲಿ ಸುಭಿಕ್ಷ.

ಅಳೆಯಬಲ್ಲೆವು, ಊಹಿಸಲಾರೆವು

ಮಳೆ ಅಳೆಯುವುದರಲ್ಲಿ ಕರ್ನಾಟಕ ಮುಂದಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳಿವೆ, ಪಂಚಾಯಿತಿಗೆ ಒಂದರಂತೆ. ಊಹಿಸುವ ಮಾದರಿಗಳು ಅಷ್ಟು ಸೂಕ್ಷ್ಮವಲ್ಲ. ಹವಾಮಾನ ಇಲಾಖೆ ಋತುವಿನ ಮುನ್ಸೂಚನೆಗೆ ಬಳಸಿಕೊಂಡು ಬಂದ ಮಾದರಿಯ ಒಂದು ಚೌಕ ಸುಮಾರು 38 ಕಿ.ಮೀ. ಸುಮಾರು 4,000 ಚದರ ಕಿಲೋಮೀಟರ್ ಇರುವ ಇಡೀ ಕೋಲಾರ ಜಿಲ್ಲೆ ಅದಕ್ಕೆ ಮೂರು ಚೌಕವೂ ಅಲ್ಲ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕ 6 ಕಿ.ಮೀ. ಅದು ದೊಡ್ಡ ಹೆಜ್ಜೆಯೇ, ಆದರೆ ಅದರ ನೋಟ ಕೆಲವು ದಿನಗಳದ್ದು, ಋತುವಿನದ್ದಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಮಾಪಕಗಳ ಎರಡೂವರೆ ತಿಂಗಳ ಲೆಕ್ಕ, ಬಿತ್ತನೆಯ ಅಂಕಿ, ಬಾವಿಗಳ ಮಟ್ಟ, ಗುರುವಾರದ ನಾಲ್ಕು ವಾರಗಳ ಮುನ್ನೋಟ ಎಲ್ಲವೂ ಕೈಯಲ್ಲಿರುತ್ತವೆ. ಇವನ್ನು ಸೇರಿಸಿ ‘ಈ ಮೂರು ಜಿಲ್ಲೆಗಳಲ್ಲಿ ಹತ್ತಕ್ಕಿಂತ ಹೆಚ್ಚು ತಾಲ್ಲೂಕು ತೀವ್ರ ಬರಕ್ಕೆ ಜಾರುವ ಸಾಧ್ಯತೆ ಇಷ್ಟು’ ಎಂದು ಹೇಳುವುದು ಇವತ್ತೇ ಆಗುವ ಕೆಲಸ. ಕೈಪಿಡಿ ಮುಂಗಾರು ಬರ ಘೋಷಣೆಗೆ ಅಕ್ಟೋಬರ್ 30ರವರೆಗೆ ಸಮಯ ಕೊಟ್ಟಿದೆ. ಆಗಸ್ಟ್ ಮಧ್ಯಕ್ಕೂ ಆ ದಿನಾಂಕಕ್ಕೂ ನಡುವೆ ಸುಮಾರು ಹನ್ನೊಂದು ವಾರಗಳಿವೆ. ರಾಗಿ ಹೋದ ಹೊಲದಲ್ಲಿ ಹುರುಳಿ ಚೆಲ್ಲಲು, ಮೇವಿನ ಜೋಳ ಹಾಕಲು, ಹಸು ಮಾರದೆ ಉಳಿಸಿಕೊಳ್ಳಲು ಇರುವುದು ಆ ವಾರಗಳೇ.

ಎಚ್ಚರಿಕೆ ಸುಳ್ಳಾದರೆ? ಆಗುತ್ತದೆ, ಕೆಲವು ವರ್ಷ ಖಂಡಿತ ಆಗುತ್ತದೆ. ಬರ ಎಂದು ಕೇಳಿದ ಕೂಡಲೇ ಹುಲ್ಲಿನ ಬೆಲೆ ಏರುತ್ತದೆ, ಸಾಲ ಕೊಡುವವರು ಹಿಂಜರಿಯುತ್ತಾರೆ, ಬಿತ್ತಬೇಕಾದವರು ಬಿತ್ತದೆ ಉಳಿಯುತ್ತಾರೆ. ಮುನ್ಸೂಚನೆ ಬಹಿರಂಗಪಡಿಸಬಾರದು ಎನ್ನುವವರ ಮುಖ್ಯ ಆಕ್ಷೇಪ ಇದೇ, ತಳ್ಳಿಹಾಕುವಂಥದ್ದಲ್ಲ. ಆದರೆ ಹುಲ್ಲಿನ ವ್ಯಾಪಾರಿಗೆ ಆಕಾಶ ನೋಡಿಯೇ ಗೊತ್ತಾಗಿರುತ್ತದೆ, ಬೆಲೆ ಹೇಗೂ ಏರುತ್ತದೆ. ಗೊತ್ತಾಗದೆ ಉಳಿಯುವವರು ಒಂದೆರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರು.

ಇನ್ನೊಂದು ತೊಡಕು ಕಚೇರಿಯೊಳಗಿನದು. ಆಗಸ್ಟ್ 20ರಂದು ಮುನ್ಸೂಚನೆಯನ್ನು ನಂಬಿ ಮೇವು ಖರೀದಿಗೆ ಸಹಿ ಹಾಕಿದ ಅಧಿಕಾರಿ, ಸೆಪ್ಟೆಂಬರ್‌ನಲ್ಲಿ ಉತ್ತರೆ ಮಳೆ ಚೆನ್ನಾಗಿ ಬಂದರೆ, ಲೆಕ್ಕಪರಿಶೋಧಕರಿಗೆ ಉತ್ತರಿಸಬೇಕಾಗುತ್ತದೆ. ಸಹಿ ಹಾಕದೆ ಅಕ್ಟೋಬರ್ 30ರವರೆಗೆ ಕಾದವನ ಕಡತದಲ್ಲಿ ಆಕ್ಷೇಪಣೆಗೆ ಜಾಗವೇ ಇಲ್ಲ. ಅಷ್ಟರಲ್ಲಿ ಸಂತೆಯಲ್ಲಿ ಮಾರಾಟವಾದ ಹಸುಗಳ ಲೆಕ್ಕ ಯಾವ ಕಡತದಲ್ಲೂ ಬರೆಯುವುದಿಲ್ಲ.